ಕಟ್ ಅನ್ನದ ಮೇಷ್ಟ್ರು

ಕಾಲೇಜಿನವರು ಕಳಿಸಿದ ಕೇಕನ್ನು ಸಿನಿಮಾ ಮೇಷ್ಟ್ರು ಡೋವ್ ಅಲ್ಕಲಾಯ್ ಮುಟ್ಟಲಿಲ್ಲ.

ಕೇಕೇನೋ ಚೆನ್ನಾಗಿತ್ತು. ಬಿಳಿ ಕ್ರೀಮಿನ ಮೇಲೆ ನೀಲಿ ಅಕ್ಷರದಲ್ಲಿ ಅವರ ಹೆಸರು, ಕೆಳಗೊಂದು ಧನ್ಯವಾದ. ತಂದವಳು ಆಫೀಸಿನ ಸಣ್ಣ ಹುಡುಗಿ. ಪ್ಲಾಸ್ಟಿಕ್ ಚಾಕು ಹಿಡಿದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲ ಬಳಿಯೇ ನಿಂತಿದ್ದಳು. ಡೋವ್ ಅವಳಿಗೆ ಕುರ್ಚಿ ಎಳೆದುಕೊಟ್ಟರು. ತಮ್ಮ ಥರ್ಮಾಸ್‌ನಿಂದ ಪುದೀನ ಚಹಾ ಬಗ್ಗಿಸಿ ಅವಳ ಕೈಗಿತ್ತರು. ಅವಳು ಒಂದೆರಡು ಗುಟುಕು ಕುಡಿದು ಸುಧಾರಿಸಿಕೊಂಡ ಮೇಲೆಯೇ, ಮೆತ್ತಗೆ, "ಇದನ್ನು ಕಳಿಸಿದವರಿಗೇ ವಾಪಸ್ ಕೊಟ್ಟುಬಿಡಮ್ಮ. ನಾನಿನ್ನೂ ಹೋಗಿಲ್ಲ" ಎಂದರು.

ಕ್ಲಾಸಿನ ಹಿಂದಿನ ಸಾಲಿನಲ್ಲಿ ಕೂತಿದ್ದ ಸರಳಾಗೆ ಮೈ ಜುಮ್ಮೆಂದಿತು. ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಅವಳ ಕಿವಿಗೆ ಕನ್ನಡದಲ್ಲೇ ಬಿತ್ತು: ಉಸಿರಿರುವಾಗಲೇ ತಿಥಿ ಊಟವೇ?

ಕೇಕ್ ಬೇಡ ಅನ್ನಬಹುದು ಎಂಬುದೇ ಅವಳಿಗೆ ಈವರೆಗೆ ತಿಳಿದಿರಲಿಲ್ಲ. ಹೋದ ನವೆಂಬರಿನಲ್ಲಿ ಅವಳ ಗಂಡನಿಗೂ ಹೀಗೇ ಒಂದು ಕೇಕ್ ಕತ್ತರಿಸಿದ್ದರು. ಶ್ಯಾಮ್ ಅಮೆರಿಕದ ವಾರೆನ್ ಊರಿನ ಬಳಿ ಕಾರಿನ ಬಿಡಿಭಾಗ ಮಾಡುವ ಸಂಸ್ಥೆಯೊಂದರಲ್ಲಿ ಬ್ರೇಕ್ ವಿನ್ಯಾಸದ ಎಂಜಿನಿಯರ್. ಇಪ್ಪತ್ತಾರು ವರ್ಷ ಅಲ್ಲೇ ದುಡಿದವರು ಕೆಲಸದಿಂದ ತೆಗೆದುಹಾಕಿದ ಆ ದಿನ ಒಂದು ರಟ್ಟಿನ ಪೆಟ್ಟಿಗೆ, ಒಂದು ಕುಂಡದ ಗಿಡ, ಪೇಪರ್ ನ್ಯಾಪ್‌ಕಿನ್ನಿನಲ್ಲಿ ಸುತ್ತಿದ ಒಂದು ತುಂಡು ಕೇಕ್ ಹಿಡಿದು ಮನೆಗೆ ಬಂದರು. "ಎಲ್ಲರಿಗೂ ಥ್ಯಾಂಕ್ಸ್ ಹೇಳ್ಬಿಟ್ಟು ಬಂದೆ" ಎಂದು ಸೋಫಾದಲ್ಲಿ ಕೂತರು. ತುಂಡಿನ ಮೇಲೆ ಅವರ ಹೆಸರಿನ ಅರ್ಧ ಮಾತ್ರ ಉಳಿದಿತ್ತು. ತಿನ್ನಲೂ ಆಗದೆ, ಎಸೆಯಲೂ ಆಗದೆ ಸರಳಾ ಅದನ್ನು ಫ್ರೀಜರಿನಲ್ಲಿಟ್ಟಳು. ಅಂದಿನಿಂದ ಶ್ಯಾಮ್ ಬೇಸ್‌ಮೆಂಟ್ ಬಿಟ್ಟು ಮೇಲೆ ಬರುವುದೇ ಕಡಿಮೆಯಾಯಿತು. ಕನ್ನಡ ಕೂಟದ ಸಂಕ್ರಾಂತಿಗೆ ಹೋಗಲಿಲ್ಲ. ಮಗಳಿರುವ ಷಿಕಾಗೋ ಕಡೆಯ ಅರೋರಾದ ಬಾಲಾಜಿ ದೇವಸ್ಥಾನಕ್ಕೂ ಬೇಡವೆಂದರು; ಅಲ್ಲಿ ಗುರುತಿನವರು ಸಿಕ್ಕು, ಕೆಲಸ ಹೇಗಿದೆ ಸಾರ್ ಎಂದು ಕೇಳಿಬಿಟ್ಟರೆ? ವುಡ್‌ರಿಡ್ಜಿನಲ್ಲಿರುವ ಮಗಳು ನಿಹಾರಿಕಾ ವಾರಕ್ಕೊಮ್ಮೆ ಫೋನ್ ಮಾಡಿ, "ಮನೆ ಲಾಕ್ ಮಾಡ್ಕೊಂಡು ಇಲ್ಲಿಗೇ ಬಂದ್ಬಿಡಿ ಅಮ್ಮ" ಎನ್ನುತ್ತಿದ್ದಳು.

ಅರವತ್ತು ದಾಟಿದವರಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಫೀಸಿಲ್ಲ. ಮನೆಯ ಮೌನ ತಾಳಲಾರದೆ ಸರಳಾ ಜನವರಿಯಲ್ಲಿ ಸಂಜೆಯ ತರಗತಿಯೊಂದಕ್ಕೆ ಸೇರಿದಳು. ಹೊಲಿಗೆ ತುಂಬಿಹೋಗಿತ್ತು. ಉಳಿದಿದ್ದು ಸಿನಿಮಾ.

ಕ್ಲಾಸಿನಲ್ಲಿ ಇದ್ದವರೆಲ್ಲ ಹೆಚ್ಚುಕಡಿಮೆ ಬೇರೆಲ್ಲೂ ಬೇಡವಾದವರೇ. ಕಾರಿನ ಸೀಟು ಹೊಲಿಯುವ ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡ ಲೊರೆಟಾ, ನಿವೃತ್ತ ಬಸ್ ಡ್ರೈವರೊಬ್ಬ, ಗಡಿಯಾರ ರಿಪೇರಿಯವನೊಬ್ಬ. ಮತ್ತೆ ದಿನಸಿ ಅಂಗಡಿಯ ಮುನೀರ್. ಗದಗಿನವನು, ನಲವತ್ತರ ಆಸುಪಾಸು. ಸರಳಾ ಫೋನಿನಲ್ಲಿ ಮಗಳೊಡನೆ ಕನ್ನಡದಲ್ಲಿ ಮಾತಾಡಿದ್ದು ಕೇಳಿ ಓಡಿಬಂದು, "ಅಕ್ಕಾರ, ಅಂತೂ ಮಾತಾಡಾಕ ಒಬ್ರು ಸಿಕ್ರಿ ನೋಡ್ರಿ!" ಎಂದಿದ್ದ. ಮುಂದಿನ ವಾರವೇ ಅವಳಿಗೆಂದು ಜೋಳದ ಹಿಟ್ಟಿನ ಚೀಲ ತಂದುಕೊಟ್ಟಿದ್ದ.

ಅದು ಗಾಜಾದ ಸುದ್ದಿ ಟೀವಿಯ ತುಂಬ ಇದ್ದ ತಿಂಗಳು. ಮೇಷ್ಟ್ರು ಇಸ್ರೇಲಿನವರು ಎಂದು ತಿಳಿದ ಮೊದಲ ದಿನವೇ ಮುನೀರ್ ಎದ್ದು ನಿಂತು, ನಿಮ್ಮ ಸರ್ಕಾರದ ಮೇಲೆ ನನಗೆ ವಿಪರೀತ ಸಿಟ್ಟಿದೆ ಎಂದು ನೇರವಾಗಿ ಹೇಳಿದ.

"ನನಗೂ ಇದೆ" ಎಂದರು ಡೋವ್. "ಕೂತ್ಕೋಬೇಡ, ಮುಂದೆ ಬಾ. ಸಿಟ್ಟಿದ್ದವನು ನಟನೆ ಬೇಗ ಕಲೀತಾನೆ."

ಆ ರಾತ್ರಿ ಪಾರ್ಕಿಂಗ್ ಜಾಗದಲ್ಲಿ ನೆಲವೆಲ್ಲ ಮಂಜುಗಡ್ಡೆ. ಒಬ್ಬೊಬ್ಬರನ್ನೂ ತೋಳು ಹಿಡಿದು ಅವರವರ ಕಾರಿನವರೆಗೆ ಬಿಟ್ಟುಬರುವುದು ಮೇಷ್ಟ್ರ ಪದ್ಧತಿ. ಕೊನೆಗೆ ಅವರನ್ನು ತೋಳು ಹಿಡಿದು ಅವರ ಕಾರಿನವರೆಗೆ ಬಿಟ್ಟವನು ಮುನೀರ್. ಸರಳಾ ಅದನ್ನು ಕಾರಿನ ಕನ್ನಡಿಯಲ್ಲಿ ಕಂಡಿದ್ದಳು.

ಡೋವ್ ಅವರಿಗೆ ಎರಡೇ ನಿಯಮ. ಒಬ್ಬ ಮನುಷ್ಯನ ಬಗ್ಗೆ ಮಾತಾಡಬೇಡಿ, ಆ ಮನುಷ್ಯನೇ ಆಗಿ. ಡೈರೆಕ್ಟರ್ ಕಟ್ ಅನ್ನುವವರೆಗೆ ಯಾರೂ ನಿಲ್ಲಿಸಬೇಡಿ, ಮನೆಗೆ ಬೆಂಕಿ ಬಿದ್ದರೂ ಸರಿ.

ಈಗ ಬೆಂಕಿಯೇ ಬಿದ್ದಿತ್ತು. ಕಾಲೇಜಿಗೆ ಹಣ ಸಾಲದು. ಸಿನಿಮಾ ವಿಭಾಗವನ್ನು ಮುಚ್ಚುವುದೇ ಬೇಡವೇ ಎಂದು ಬರುವ ಮಂಗಳವಾರ ಟ್ರಸ್ಟಿಗಳ ಸಭೆಯಲ್ಲಿ ವೋಟು ಹಾಕುವವರಿದ್ದರು. ಕೇಕು ವೋಟಿಗಿಂತ ಮೊದಲೇ ಬಂದುಬಿಟ್ಟಿತ್ತು. ಡೋವ್ ಅವರಿಗೆ ಎಪ್ಪತ್ತೆರಡು ವರ್ಷ. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಈ ಕ್ಲಾಸು ಹೋದರೆ ಅವರಿಗೆ ಇನ್ನೊಂದು ಸಿಗುವುದಿಲ್ಲ, ಈ ಜನಕ್ಕೂ ಇನ್ನೊಂದು ಜಾಗವಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಆಫೀಸಿನ ಹುಡುಗಿ ಕೇಕಿನೊಂದಿಗೆ ಹೊರಟುಹೋದ ಮೇಲೆ ಮುನೀರನೇ ಬಾಯಿಬಿಟ್ಟ. ಅಂಗಡಿಯ ಬೋರ್ಡಿಗೆ ಅನುಮತಿ ಕೇಳಲು ಊರಿನ ಸಭೆಗಳಿಗೆ ಅಲೆದು ಅವನಿಗೆ ಅವುಗಳ ರೀತಿನೀತಿ ಬಾಯಿಪಾಠ. ಅಂಥ ಸಭೆಯಲ್ಲಿ ಯಾರು ಬೇಕಾದರೂ ಹೆಸರು ಕೊಟ್ಟು ಮೂರು ನಿಮಿಷ ಮಾತಾಡಬಹುದು, ತಡೆಯುವ ಹಾಗಿಲ್ಲ. ಯಾರು ಬೇಕಾದರೂ ಕ್ಯಾಮೆರಾ ಇಟ್ಟು ಚಿತ್ರ ತೆಗೆಯಬಹುದು, ಅದನ್ನೂ ತಡೆಯುವ ಹಾಗಿಲ್ಲ.

"ಹಾಗಾದರೆ ನಾವು ಕ್ಲಾಸಲ್ಲಿ ತೆಗೀತಿರೋ ಚಿತ್ರದ ಕೊನೆಯ ದೃಶ್ಯ ಅಲ್ಲೇ" ಎಂದಳು ಲೊರೆಟಾ. "ಯಾರೂ ಮೇಷ್ಟ್ರ ಬಗ್ಗೆ ಭಾಷಣ ಮಾಡೋದು ಬೇಡ. ಒಬ್ಬೊಬ್ಬರೂ ಮೇಷ್ಟ್ರೇ ಆಗೋಣ."

ಡೋವ್ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ಆಮೇಲೆ ತಮ್ಮ ಬದುಕಿನ ಒಂದೊಂದು ಘಟ್ಟ ಹೇಳಿ ಒಬ್ಬೊಬ್ಬರಿಗೆ ಪಾತ್ರ ಹಂಚಲು ಕೂತರು. ಸರಳಾಳನ್ನೂ ಕರೆದರು. ಅವಳು ತಲೆ ಅಲ್ಲಾಡಿಸಿ, ಹಿಂದಿನ ಕೆಲಸ ಏನಾದರೂ ಕೊಡಿ ಎಂದು ಬೇಡಿಕೊಂಡಳು. ಅವರು ಬಲವಂತ ಮಾಡಲಿಲ್ಲ. ಕ್ಲ್ಯಾಪ್ ಬೋರ್ಡ್ ಅವಳ ಕೈಗೆ ಬಂತು.

ಅದನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟಾಗ ಶ್ಯಾಮ್ ಬೇಸ್‌ಮೆಂಟಿನಿಂದ ನೀರು ಕುಡಿಯಲು ಬಂದಿದ್ದರು.

"ಏನೇ ಇದು, ಚಪಾತಿ ಮಣೆನಾ?"

"ಅಲ್ಲಾರೀ. ಶೂಟಿಂಗಲ್ಲಿ ಹೊಡೀತಾರಲ್ಲ, ಅದು. ಚಿತ್ರ ಬೇರೆ, ಶಬ್ದ ಬೇರೆ ರೆಕಾರ್ಡ್ ಆಗತ್ತಂತೆ. ಈ ಪಟ್ಟಿ ಬಡಿಯೋದು ಕಾಣೋದು, ಟಪ್ ಅಂತ ಕೇಳೋದು ಎರಡನ್ನೂ ಒಂದಕ್ಕೊಂದು ಹೊಂದಿಸ್ತಾರೆ. ಇದಿಲ್ಲದಿದ್ರೆ ಬಾಯಿ ಒಂದು ಕಡೆ, ಮಾತು ಒಂದು ಕಡೆ."

"ಮರೆತೋದ್ರೆ?"

"ಕೊನೇಲಿ ಹೊಡೀಬೋದು. ಆದ್ರೆ ತಲೆಕೆಳಗೆ ಹಿಡಿದು. ಆಗ ಎಡಿಟ್ ಮಾಡೋರಿಗೆ ಗೊತ್ತಾಗತ್ತೆ, ಇದು ಮುಗಿದ ಶಾಟಿಂದು ಅಂತ. ಕಟ್ ಅನ್ನೋಕ್ಕೆ ಮುಂಚೆ ಹೊಡೆದುಬಿಡಬೇಕು, ಅಷ್ಟೇ."

ಶ್ಯಾಮ್ ಅದನ್ನು ಕೈಗೆತ್ತಿಕೊಂಡು ಎರಡು ಸಲ ಬಡಿದರು. "ಹಿಂಜ್ ಸಡಿಲ ಇದೆ. ಇದರಲ್ಲಿ ಶಬ್ದ ಸರಿಯಾಗಿ ಎಲ್ಲಿ ಬರತ್ತೆ?" ಎಂದು ಗೊಣಗುತ್ತ ಕೆಳಗೆ ಒಯ್ದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಸ್ಕ್ರೂಡ್ರೈವರಿನ ಸದ್ದು, ಆಮೇಲೆ ಟಪ್ ಎಂಬ ಒಂದು ಗಟ್ಟಿ ಸದ್ದು ಬಂತು. ನವೆಂಬರಿನಿಂದ ಮುಟ್ಟದಿದ್ದ ಉಪಕರಣದ ಪೆಟ್ಟಿಗೆಯನ್ನು ಅವರು ತೆರೆದಿದ್ದರು. ಸರಳಾ ಮೇಲೆ ಸುಮ್ಮನೆ ಸಾರಿಗೆ ಒಗ್ಗರಣೆ ಹಾಕಿದಳು. ಕೇಳಿದರೆ ಎಲ್ಲಿ ನಿಲ್ಲಿಸಿಬಿಡುತ್ತಾರೋ ಎಂದು ಏನೂ ಕೇಳಲಿಲ್ಲ.

ಆದರೆ ಸಭೆಯ ವಿಷಯ ಹೇಳಿದಾಗ ಅವರ ಮುಖ ಸಣ್ಣದಾಯಿತು. "ಹೋಗು, ಬೇಡ ಅನ್ನಲ್ಲ. ಆದ್ರೆ ನೀನು ಬಾಯಿ ಬಿಡಬೇಡ. ಹತ್ತು ಜನದ ಮುಂದೆ ನಮ್ಮ ಮನೆ ತಮಾಷೆ ಆಗೋದು ಬೇಡ."

"ನಂದು ಬರೀ ಕ್ಲ್ಯಾಪ್ ರೀ."

ಮಂಗಳವಾರ ನೀರು ಹೆಪ್ಪುಗಟ್ಟುವ ಚಳಿ. ರಸ್ತೆ ಜಾರುತ್ತದೆಂದು ಶ್ಯಾಮ್ ತಾವೇ ಡ್ರೈವ್ ಮಾಡಿದರು. "ನಾನು ಕಾರಲ್ಲೇ ಇರ್ತೀನಿ" ಎಂದು ಟೋಪಿಯನ್ನು ಕಿವಿ ಮುಚ್ಚುವವರೆಗೆ ಎಳೆದುಕೊಂಡರು.

ಸಭೆಯ ಕೋಣೆಯಲ್ಲಿ ಎತ್ತರದ ಮೇಜಿನ ಹಿಂದೆ ಟ್ರಸ್ಟಿಗಳು ಕೂತಿದ್ದರು. ನಡುವೆ ಬೆಳ್ಳಿಗೂದಲಿನ ಅಧ್ಯಕ್ಷೆ, ಕೈಯಲ್ಲಿ ಮರದ ಸುತ್ತಿಗೆ. ಪಕ್ಕದಲ್ಲಿ ಸಮಯ ನೋಡುವ ಹೆಂಗಸು, ಅವಳೆದುರು ಹಸಿರು, ಹಳದಿ, ಕೆಂಪು ಕಾರ್ಡುಗಳು. ಡೋವ್ ಮೊದಲ ಸಾಲಿನಲ್ಲಿ ಹಳೆಯ ಕಂದು ಕೋಟು ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಲೊರೆಟಾ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಅವರನ್ನು ನೋಡಿದಳು. ಅವರು ಬೆರಳೆತ್ತಿದರು. ಕ್ಯಾಮೆರಾ ಓಡತೊಡಗಿತು.

ಅಷ್ಟರಲ್ಲಿ ಮುನೀರ್ ಸರಳಾಳ ಕಿವಿಯ ಬಳಿ ಬಗ್ಗಿದ. "ಅಕ್ಕಾರ, ಬೈಬ್ಯಾಡ್ರಿ. ಮಾತಾಡವ್ರ ಪೈಕಿ ನಿಮ್ಮ ಹೆಸರೂ ಕೊಟ್ಟೀನಿ. ಎಲ್ಲಾರಕಿಂತ ಕಡೀಕ."

"ಅಯ್ಯೋ ಮುನೀರ್! ನಮ್ಮನೆಯವರು ಹೊರಗಡೆನೇ ಇದಾರೆ ಕಣಪ್ಪ!"

"ಅದಕ್ಕ ಕೊಟ್ಟೀನ್ರಿ. ಒಳಗ ಬಂದ್ರ ಬೆಚ್ಚಗರ ಆಕ್ಕಾರ."

ಆ ಗಾಬರಿಯಲ್ಲಿ ಸರಳಾ ಕ್ಲ್ಯಾಪ್ ಹೊಡೆಯುವುದನ್ನೇ ಮರೆತಳು.

ಮೊದಲು ಎದ್ದವನು ಬಸ್ ಡ್ರೈವರ್. ಮೈಕಿನ ಮುಂದೆ ನಿಂತು, "ನನ್ನ ಹೆಸರು ಡೋವ್ ಅಲ್ಕಲಾಯ್, ನನಗೆ ಒಂಬತ್ತು ವರ್ಷ" ಎಂದ. ಟ್ರಸ್ಟಿಗಳು ಮುಖ ಮುಖ ನೋಡಿಕೊಂಡರು. ಎಂಬತ್ತು ಸಮೀಪಿಸಿದ ಆ ಮನುಷ್ಯ ಬೆನ್ನು ಬಗ್ಗಿಸಿ, ಹೈಫಾ ಊರಿನ ಶಾಲೆಯ ನಾಟಕದಲ್ಲಿ ಕತ್ತೆಯ ಹಿಂಗಾಲಾದ ಕಥೆ ಹೇಳಿದ. ಮುಂಗಾಲಾಗಿದ್ದವನು ಹೆದರಿ ಓಡಿಹೋದಾಗ ಹಿಂಗಾಲೇ ನಾಟಕ ಮುಗಿಸಿತ್ತು. "ಜನ ನಕ್ಕರು. ಅಂದೇ ತೀರ್ಮಾನಿಸಿದೆ, ಅರ್ಧ ಕತ್ತೆಯಾದರೂ ಸರಿ, ರಂಗದಿಂದ ಇಳಿಯಬಾರದು."

ಗಡಿಯಾರದವನು ಸೈನ್ಯದ ಹಾಡುತಂಡದ ಡೋವ್ ಆದ, ಬಂದೂಕಿನ ಬದಲು ಅಕಾರ್ಡಿಯನ್ ಹೊತ್ತವನು. ಇನ್ನೊಬ್ಬಳು ಟೆಲ್ ಅವೀವಿನ ಸಿನಿಮಾ ನಟನಾದಳು: ಮೊದಲ ಚಿತ್ರದಲ್ಲಿ ನಾಯಕ, ಎರಡನೆಯದರಲ್ಲಿ ನಾಯಕನ ಅಣ್ಣ, ಮೂರನೆಯದರಲ್ಲಿ ನಾಯಕನ ಅಪ್ಪ, "ಎಲ್ಲ ಮೂರು ವರ್ಷದೊಳಗೆ, ನನ್ನಷ್ಟು ಬೇಗ ಮುದುಕನಾದವನು ಆ ದೇಶದಲ್ಲೇ ಇಲ್ಲ." ಈ ಬಾರಿ ಒಬ್ಬ ಟ್ರಸ್ಟಿಯೂ ನಕ್ಕುಬಿಟ್ಟ. ಮತ್ತೊಬ್ಬ ಷಿಕಾಗೋಗೆ ವಲಸೆ ಬಂದ ಡೋವ್: ಹಗಲು ಟ್ಯಾಕ್ಸಿ, ಶನಿವಾರ ಲೈಬ್ರರಿಯಲ್ಲಿ ಮಕ್ಕಳಿಗೆ ಗೊಂಬೆಯಾಟ, ರೇಡಿಯೋ ಜಾಹೀರಾತಿನಲ್ಲಿ ಮಾತಾಡುವ ಕ್ಯಾರೆಟ್ಟು.

ಆಮೇಲೆ ಮುನೀರ್ ಹೋದ. ಮೈಕನ್ನು ಮುಟ್ಟಲೂ ಇಲ್ಲ. ನೇರವಾಗಿ ಕಾರ್ಪೆಟ್ಟಿನ ಮೇಲೆ ಬಿದ್ದು ಸತ್ತ.

ಅಧ್ಯಕ್ಷೆ ಸುತ್ತಿಗೆ ಕೈಗೆತ್ತಿಕೊಂಡರು. ಹಸಿರು ಕಾರ್ಡು ಹೋಗಿ ಹಳದಿ ಬಂತು. ಆಗ ಹೆಣ ಮಾತಾಡಿತು: "ನನ್ನ ಹೆಸರು ಡೋವ್ ಅಲ್ಕಲಾಯ್. ಅಮೆರಿಕದ ಸಿನಿಮಾಗಳಲ್ಲಿ ನಾನು ಅರಬನಾಗಿ ಸಾಯುತ್ತೇನೆ. ಮೂಗು ಸರಿಯಾಗಿದೆಯಂತೆ. ಮೆಟ್ಟಿಲ ಮೇಲೆ ಸತ್ತಿದ್ದೇನೆ, ಮಾರುಕಟ್ಟೆಯಲ್ಲಿ ಸತ್ತಿದ್ದೇನೆ, ಒಂದು ಸಲ ಒಂಟೆಯ ಮೇಲಿಂದ ಬಿದ್ದು ಸತ್ತೆ. ಒಂದೇ ಒಂದು ಸಲವೂ ನನಗೆ ಹೆಸರಿರಲಿಲ್ಲ." ಮುನೀರ್ ನಿಧಾನವಾಗಿ ಎದ್ದು ನಿಂತ. "ಒಂದು ದಿನ ಷಿಕಾಗೋ ಹತ್ತಿರದ ಶೂಟಿಂಗಿನಲ್ಲಿ, ಕ್ಯಾಮೆರಾ ಓಡುತ್ತಿರುವಾಗಲೇ ಹೆಣ ಎದ್ದು ಕೂತು ಕೇಳಿತು: ಸ್ವಾಮಿ, ನನ್ನ ಹೆಸರೇನು? ನನ್ನನ್ನು ಸೆಟ್ಟಿನಿಂದ ಹೊರಗೆ ಹಾಕಿದರು. ಮತ್ತೆ ಯಾರೂ ಪಾತ್ರ ಕೊಡಲಿಲ್ಲ. ಅದಕ್ಕೇ ಪಾಠ ಹೇಳಲು ಬಂದೆ. ಹದಿನೆಂಟು ವರ್ಷದಿಂದ ಈ ಕಾಲೇಜಿನಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರನ್ನೂ ಮೊದಲ ದಿನವೇ ಕಲಿತಿದ್ದೇನೆ."

ಸಮಯ ಮುಗಿದಿತ್ತು. ಕಾರ್ಡಿನ ಹೆಂಗಸು ಕೆಂಪು ಕಾರ್ಡನ್ನು ಮಡಿಲಲ್ಲಿ ಹುಡುಕುತ್ತಿರುವವಳಂತೆ ಬಗ್ಗಿಕೊಂಡಿದ್ದಳು. ಅದು ಅವಳ ಕೈಯಲ್ಲೇ ಇದ್ದದ್ದು ಸರಳಾಗೆ ಕಾಣುತ್ತಿತ್ತು.

ಅಧ್ಯಕ್ಷೆ ಮುಂದಿನ ಹೆಸರು ಕರೆದರು. ಅದು ಸರಳಾಳದೇ. ಕ್ಲ್ಯಾಪ್ ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡೇ ಎದ್ದಳು. ನಡೆಯುವಾಗ ಹಿಂದೆ ಬಾಗಿಲು ತೆರೆದ ಸದ್ದು, ಒಂದಿಷ್ಟು ಚಳಿಗಾಳಿ. ತಿರುಗಿ ನೋಡಿದರೆ ಶ್ಯಾಮ್. ಚಳಿ ತಡೆಯಲಾರದೆ ಒಳಗೆ ಬಂದವರು ಗೋಡೆಗೆ ಒರಗಿ ನಿಂತಿದ್ದರು. ಅವಳು ಮೈಕಿನತ್ತ ನಡೆಯುವುದನ್ನು ಕಂಡು ಅವರ ಬಾಯಿ ಅರೆ ತೆರೆಯಿತು.

"ನನ್ನ ಹೆಸರು ಡೋವ್ ಅಲ್ಕಲಾಯ್" ಎಂದಳು ಸರಳಾ. ಮೈಸೂರಿನ ಕಾಲೇಜಿನಲ್ಲಿ ಕಲಿತ ಇಂಗ್ಲಿಷು, ಒಂದೊಂದು ಪದವೂ ಬಿಡಿಬಿಡಿ. "ನನಗೆ ಎಪ್ಪತ್ತೆರಡು. ಹೋದ ವಾರ ನೀವು ನನಗೆ ಕೇಕ್ ಕಳಿಸಿದಿರಿ. ನಾನು ತಿನ್ನಲಿಲ್ಲ. ಈ ವರ್ಷ ನಮ್ಮ ಊರುಗಳಲ್ಲಿ ಬಹಳ ಕೇಕ್ ಕತ್ತರಿಸಿದ್ದಾರೆ. ನಾವು ಸಭ್ಯ ಜನ. ತಿಂದೆವು, ಥ್ಯಾಂಕ್ಸ್ ಎಂದೆವು, ತಲೆ ತಗ್ಗಿಸಿ ಮನೆಗೆ ಹೋದೆವು."

ಇಲ್ಲಿಗೆ ಅವಳಿಗೆ ಹೊಳೆದಿದ್ದ ಮಾತು ಮುಗಿಯಿತು. ಹಸಿರು ಕಾರ್ಡು ಇನ್ನೂ ನಿಂತಿತ್ತು. ಡೋವ್ ಅವಳನ್ನೇ ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ಅವಸರವಿರಲಿಲ್ಲ.

"ಒಂದು ಮನೆಯ ಫ್ರೀಜರಿನಲ್ಲಿ ಅಂಥ ಕೇಕಿನ ಒಂದು ತುಂಡಿದೆ" ಎಂದಳು. "ಅದರ ಮೇಲೆ ಅರ್ಧ ಹೆಸರಿದೆ. ಅದು ನನ್ನ ಗಂಡನ ಹೆಸರು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಆಯಸ್ಸು ಕಡಿಮೆಯಾಗುತ್ತದೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ನಾನು ಬಿ.ಎ. ಓದಿದವಳು, ಆದರೂ ಹೇಳಿಲ್ಲ. ಡಾಕ್ಟರ ಹತ್ತಿರ ಕೂಡ ನಮ್ಮನೆಯವರು ಅನ್ನುತ್ತೇನೆ."

ಅವಳು ಪಾತ್ರ ಬಿಟ್ಟು ಹೊರಗೆ ಬಂದಿದ್ದಳು. ಮೇಷ್ಟ್ರ ಮೊದಲ ನಿಯಮ ಮುರಿದಿತ್ತು. ಮೇಷ್ಟ್ರು ಕಟ್ ಅನ್ನಲಿಲ್ಲ.

"ಆದರೆ ಅರ್ಧ ಹೆಸರಿನಿಂದ ಆಯಸ್ಸು ಇನ್ನೂ ಬೇಗ ಸವೆಯುತ್ತದೆ, ಅದನ್ನು ನಾನು ಮನೆಯಲ್ಲಿ ಕಣ್ಣಾರೆ ನೋಡಿದ್ದೇನೆ. ಅವರ ಹೆಸರು ಶ್ಯಾಮಸುಂದರ." ಮೈಕಿನ ಇನ್ನೂ ಹತ್ತಿರ ಸರಿದು ಇನ್ನೊಮ್ಮೆ ಹೇಳಿದಳು. "ಶ್ಯಾಮಸುಂದರ. ಇಪ್ಪತ್ತಾರು ವರ್ಷ ನಿಮ್ಮ ಕಾರುಗಳಿಗೆ ಬ್ರೇಕ್ ಮಾಡಿದವರು. ಇವತ್ತು ಇಷ್ಟು ಮಂಜಿನಲ್ಲಿ ನೀವೆಲ್ಲ ಇಲ್ಲಿಗೆ ಸುಖವಾಗಿ ಬಂದು ಕಾರು ನಿಲ್ಲಿಸಿದಿರಲ್ಲ, ಅದರಲ್ಲಿ ಅವರ ಕೈ ಇದೆ. ವೋಟು ಹಾಕುವುದು ನಿಮ್ಮ ಕೆಲಸ, ಹಾಕಿ. ಆದರೆ ಯಾರನ್ನು ಕಳಿಸುತ್ತಿದ್ದೀರೋ ಅವರ ಪೂರ್ತಿ ಹೆಸರು ಹೇಳಿ ಕಳಿಸಿ. ಮತ್ತೆ ನಮಗೆ ಕೇಕ್ ಬೇಡ."

ಚಪ್ಪಾಳೆ ಮೊದಲು ಲೊರೆಟಾಳದು, ಆಮೇಲೆ ಎಲ್ಲರದು. ಸರಳಾ ಯಾರನ್ನೂ ನೋಡದೆ ಬಂದು ಕೂತಳು. ಹಿಂದಿರುಗಿ ನೋಡುವ ಧೈರ್ಯ ಅವಳಿಗಿರಲಿಲ್ಲ.

ವೋಟಾಯಿತು. ಇಬ್ಬರು ಮುಚ್ಚಬಾರದೆಂದರು, ಉಳಿದವರೆಲ್ಲ ಮುಚ್ಚಬೇಕೆಂದರು. ಅಧ್ಯಕ್ಷೆ ಫಲಿತಾಂಶ ಓದುವ ಮೊದಲು ಒಂದು ಕ್ಷಣ ತಡೆದು, "ಪ್ರೊಫೆಸರ್ ಡೋವ್ ಅಲ್ಕಲಾಯ್ ಅವರ ಸಿನಿಮಾ ವಿಭಾಗ" ಎಂದು ಪೂರ್ತಿ ಹೆಸರು ಹಿಡಿದು ಹೇಳಿದರು. ಅಷ್ಟು ಮಾಡಿದರು. ಆಮೇಲೆ ಸುತ್ತಿಗೆ ಬಡಿದು ಸಭೆ ಮುಗಿಸಿದರು.

ಕುರ್ಚಿಗಳು ಸರಿದಾಡಿದವು. ಜನ ಕೋಟು ಹಾಕಿಕೊಳ್ಳತೊಡಗಿದರು. ಡೋವ್ ಕೂತೇ ಇದ್ದರು. ಕಾಲೇಜಿನ ಅಧಿಕಾರಿಯೊಬ್ಬ ಲೊರೆಟಾಳ ಬಳಿ ಬಂದು, ಮುಗಿಯಿತಲ್ಲ, ಕಾಲೇಜಿನ ಕ್ಯಾಮೆರಾ ಇಲ್ಲೇ ಕೊಟ್ಟುಬಿಡಿ ಎಂದ.

"ಡೈರೆಕ್ಟರ್ ಇನ್ನೂ ಕಟ್ ಅಂದಿಲ್ಲ" ಎಂದಳು ಲೊರೆಟಾ, ಕಣ್ಣನ್ನು ಕ್ಯಾಮೆರಾದಿಂದ ತೆಗೆಯದೆ.

ಆಗ ಕೋಣೆಯ ಹಿಂದಿನಿಂದ ಅಚ್ಚ ಮೈಸೂರು ಕನ್ನಡದಲ್ಲಿ ಒಂದು ಕೂಗು ಕೇಳಿಸಿತು. ನಾಲ್ಕು ತಿಂಗಳಿಂದ ಆ ಗಂಟಲು ಅಷ್ಟು ಜೋರಾಗಿ ಕೂಗಿರಲಿಲ್ಲ.

"ಸರಳಾ! ಬೋರ್ಡು ಹೊಡೀಲೇ ಇಲ್ವಲ್ಲೇ ನೀನು! ತಲೆಕೆಳಗೆ ಹಿಡಿ, ತಲೆಕೆಳಗೆ!"

ಟ್ರಸ್ಟಿಗಳೂ ಸೇರಿ ಎಲ್ಲರೂ ತಿರುಗಿ ನೋಡಿದರು. ಶ್ಯಾಮ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಯಾರು ನೋಡುತ್ತಿದ್ದಾರೆಂಬ ಪರಿವೆಯೇ ಅವರಿಗಿರಲಿಲ್ಲ. ಕೈಯಲ್ಲೇ ಅಭಿನಯಿಸಿ ಹೇಗೆ ಹಿಡಿಯಬೇಕೆಂದು ತೋರಿಸುತ್ತಿದ್ದರು.

ಸರಳಾ ಕ್ಯಾಮೆರಾದ ಮುಂದೆ ಹೋಗಿ ಬೋರ್ಡನ್ನು ತಲೆಕೆಳಗು ಮಾಡಿ ಬಡಿದಳು. ಬಿಗಿ ಮಾಡಿದ ಹಿಂಜು. ಆ ಸದ್ದಿನ ಮುಂದೆ ಅಧ್ಯಕ್ಷೆಯ ಸುತ್ತಿಗೆ ಏನೂ ಅಲ್ಲ.

"ಭೇಷ್ ಅಕ್ಕಾರ!" ಎಂದ ಮುನೀರ್.

ಎಲ್ಲರೂ ಡೋವ್ ಅವರ ಕಡೆ ನೋಡಿದರು. ಇನ್ನು ಕಟ್ ಅನ್ನುವುದೊಂದೇ ಉಳಿದಿತ್ತು. ಡೋವ್ ಎದ್ದರು. ಕೋಟಿನ ಗುಂಡಿ ಹಾಕಿಕೊಂಡರು. ಸರಳಾಳ ಬಳಿ ಬಂದು, "ಪಾತ್ರ ಬಿಟ್ಟಿರಿ" ಎಂದರು ಗಂಭೀರವಾಗಿ. "ಒಳ್ಳೆಯದು ಮಾಡಿದಿರಿ." ನಂತರ ಮುನೀರನನ್ನು ಕೇಳಿದರು: "ಮುಂದಿನ ಮಂಗಳವಾರ ಕ್ಲಾಸು ಎಲ್ಲಿ?"

"ನನ್ನ ಅಂಗಡಿ ಹಿಂದೆ ಗೋಡೌನಿದೆ ಸರ್. ಅಕ್ಕಿ ಮೂಟೆ ಮೇಲೆ ಕೂರಬೇಕು."

"ಕತ್ತೆಯ ಹಿಂಗಾಲಾಗಿದ್ದವನಿಗೆ ಮೂಟೆ ಸಿಂಹಾಸನ. ಕ್ಯಾಮೆರಾ?"

ಹಿಂದಿನಿಂದ ನಡೆದು ಬಂದ ಶ್ಯಾಮ್ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದರು: "ನಮ್ಮ ಮನೆಯಲ್ಲಿ ಮಗಳು ಬಿಟ್ಟುಹೋದದ್ದೊಂದಿದೆ. ಕೆಟ್ಟಿದೆ. ನಾನು ಸರಿಮಾಡಬಲ್ಲೆ." ಕೈ ಮುಂದೆ ಚಾಚಿದರು. "ನಾನು ಶ್ಯಾಮಸುಂದರ."

"ಗೊತ್ತು" ಎಂದು ಡೋವ್ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಎಲ್ಲರೂ ಹೊರಗೆ ನಡೆದರು. ಲೊರೆಟಾ ಕ್ಯಾಮೆರಾ ಹೊತ್ತು ಹಿಂದೆ ಹಿಂದೆ ಬಂದಳು, ಅವಳ ಹಿಂದೆ ಆ ಅಧಿಕಾರಿ. ಆ ರಾತ್ರಿ ಪಾರ್ಕಿಂಗ್ ಜಾಗದ ಮಂಜಿನ ಮೇಲೆ ಯಾರು ಯಾರ ತೋಳು ಹಿಡಿದು ನಡೆದರು ಎಂಬುದೆಲ್ಲ ಆ ಚಿತ್ರದಲ್ಲಿ ಈಗಲೂ ಇದೆ.

ಶ್ಯಾಮ್ ಕಾರು ಹೊರಡಿಸಿದರು. ಹೀಟರ್ ಬೆಚ್ಚಗಾಗುವವರೆಗೆ ಕಾದು ಸರಳಾ ಕೇಳಿದಳು, "ಸಿಟ್ಟು ಬಂತೇನ್ರೀ?"

"ಬಂತು" ಎಂದರು ಶ್ಯಾಮ್, ಕೆಂಪು ದೀಪಕ್ಕೆ ಮೆತ್ತಗೆ ಬ್ರೇಕ್ ಒತ್ತುತ್ತ. "ಆ ಕೇಕ್ ಇನ್ನೂ ಇಟ್ಟಿದ್ದೀಯಲ್ಲ, ಅದಕ್ಕೆ. ಮನೆಗೆ ಹೋದ ತಕ್ಷಣ ಬಿಸಾಕು."

ಹಸಿರು ದೀಪ ಬಂತು.

"ಮತ್ತೆ ಇನ್ನೊಂದ್ಸಲ ಹೇಳೇ, ನೋಡೋಣ" ಎಂದರು.

"ಏನು?"

"ನನ್ನ ಹೆಸರು."